ಲೇಬಲ್ಲಿನ ಮೇಲೆ ಉಡ

ಔಷಧಿ ಗೋದಾಮಿನ ಹಳೆಯ ಲೇಬಲ್ ಪ್ರಿಂಟರ್ ಕೈಕೊಟ್ಟಿದ್ದರಿಂದ ಆ ಬೆಳಿಗ್ಗೆ ಅದರ ಜಾಗಕ್ಕೆ ಹೊಸದು ಬಂದು ಕೂತಿತು. ಲೇಬಲ್ ಗುಮಾಸ್ತ ಎಂದಿನಂತೆ ಗುಂಡಿ ಒತ್ತಿದ. ಮಾತ್ರೆಯ ಹೆಸರು, ತಾರೀಕು ಬರಬೇಕಾದಲ್ಲಿ ‘ಎ ಐವತ್ತು’, ‘ಕ್ಯೂ ಇನ್ನೂರು’ ಎಂಬಂಥ ಸಾಲುಗಳು ಬಂದವು. ನಡುನಡುವೆ ‘ಉಡ ಹೇಳಿದ, ತಾರೀಕು ಮೇಲಕ್ಕೆ’, ‘ಉಡ ಹೇಳಿದ, ತಾರೀಕು ಕೆಳಕ್ಕೆ’ ಎಂದೂ ಇತ್ತು.

ಗುಮಾಸ್ತ ಗಡಿಬಿಡಿಯಿಂದ ಲೇಬಲ್ಲುಗಳನ್ನು ಕೀಳತೊಡಗಿದ. ಹಳೆಯ ಯಂತ್ರಕ್ಕೊಂದು ಆಜ್ಞೆಗಳ ಭಾಷೆಯಿತ್ತು. ಇಪ್ಪತ್ತು ವರ್ಷದಿಂದ ಅದು ಬರುತ್ತಿದ್ದುದು ಅವನೊಬ್ಬನಿಗೇ, ಅವನಿಗೆ ಅನ್ನ ಹಾಕುತ್ತಿದ್ದುದೂ ಅದೇ. ಹೊಸದಕ್ಕೆ ಆ ಭಾಷೆ ತಿಳಿಯದೆ ಆಜ್ಞೆಗಳನ್ನೇ ಅಚ್ಚು ಹಾಕಿತ್ತು. ಸಾಲಿನ ಮೊದಲಿಗೆ ಸೆಮಿಕೋಲನ್ ಇಟ್ಟು ಏನು ಬರೆದರೂ ಹಳೆಯದು ಓದದೆ ದಾಟಿ ಹೋಗುತ್ತಿತ್ತು. ಆ ಧೈರ್ಯದ ಮೇಲೆ ಅವನು ಮ್ಯಾನೇಜರ್ ಹೇಳಿದ್ದನ್ನು ಅಲ್ಲಿ ಬರೆದಿಡುವಾಗ ಅವರನ್ನು ಉಡ ಎಂದು ಕರೆದಿದ್ದ. ಅನುಮಾನ ಬಂತೆಂದರೆ ಆ ಮನುಷ್ಯನದು ಉಡದ ಹಿಡಿತ.

ಹರಿದು ಬಚ್ಚಿಡುವಷ್ಟರಲ್ಲಿ ಪ್ಯಾಕಿಂಗ್ ಅಕ್ಕ ನಾಲ್ಕೈದನ್ನು ಎತ್ತಿಕೊಂಡು ಕಾವಲುಗಾರನಿಗೆ ತೋರಿಸಿಯಾಗಿತ್ತು. ಕ್ಯೂ ಇನ್ನೂರು ಎಂದರೆ ಇನ್ನೂರು ಪೆಟ್ಟಿಗೆ ಕಳುವಾಗಿ ಹೊರಗೆ ಹೋಗಿವೆ ಎಂದು ಅವನು ಅರ್ಥ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಗೋದಾಮಿನ ತುಂಬ ಉಡ ಎಂಬ ಕಳ್ಳನ ಗುಸುಗುಸು; ಅವನಿಗೊಂದು ಗಡ್ಡವನ್ನೂ ಅಕ್ಕನೇ ಅಂಟಿಸಿದ್ದಳು. ಗುಮಾಸ್ತನ ಊಟದ ಡಬ್ಬಿಯನ್ನು ಕಾವಲುಗಾರ ಎರಡು ಸಲ ಅಲ್ಲಾಡಿಸಿ ನೋಡಿದ.

ಸಂಜೆ ಮ್ಯಾನೇಜರ್ ಕರೆಸಿದರು. ಲೇಬಲ್ಲುಗಳನ್ನು ಮೇಜಿನ ಮೇಲೆ ಸಾಲಾಗಿ ಅಂಟಿಸಿಕೊಂಡಿದ್ದರು. ಇದು ಅಕ್ಷರ ಕೂರುವ ಜಾಗ, ಇದು ಲೇಬಲ್ಲಿನ ಉದ್ದ ಎಂದು ಗುಮಾಸ್ತ ಒಂದೊಂದನ್ನೂ ಬಿಡಿಸಿ ಹೇಳಿದ. ಅವರು ತಲೆಯಾಡಿಸಿದರು. ಸದ್ಯ, ಕೆಲಸ ಉಳಿಯಿತು ಎಂದು ಅವನಿಗೆ ಹೋದ ಜೀವ ಬಂದಂತಾಯಿತು.

“ಸರಿ, ಈ ಉಡ ಯಾರು?”

“ಅವರು... ನಂಗೆ ಈ ಭಾಷೆ ಕಲಿಸಿದ ಗುರುಗಳು ಸರ್. ಎಲ್ಲಾರೂ ಹಾಗೇ ಕರೀತಾರೆ.”

“ಗುರುಗಳನ್ನ ‘ಹೇಳಿದ’ ಅಂತ ಬರೀತೀರಾ?”

“ಯಂತ್ರಕ್ಕೆ ಮರ್ಯಾದೆ ಗೊತ್ತಾಗಲ್ಲ ಸರ್.”

ಮ್ಯಾನೇಜರ್ ಕನ್ನಡಕ ಏರಿಸಿ ಎಲ್ಲ ಸಾಲುಗಳನ್ನೂ ಮತ್ತೆ ಓದಿದರು. “ತಾರೀಕು ಮೇಲೆ ಹಾಕಿ ಅಂತ ನಾನೂ ಹೇಳಿದ್ದೆ ಅಲ್ವಾ?”

“ಹೌದು ಸರ್.”

“ಆಮೇಲೆ ಕೆಳಕ್ಕೆ ತನ್ನಿ ಅಂತ?”

“ಅದೂ ಹೌದು ಸರ್.”

ಮ್ಯಾನೇಜರ ಮುಖ ಅರಳುತ್ತಾ ಹೋಯಿತು.

“ನಂಗೆ ಹೊಳೆದಿದ್ದೆಲ್ಲ ಅವರಿಗೂ ಹೊಳೆದಿದೆ ನೋಡಿ. ಇಂಥ ಬುದ್ಧಿವಂತರನ್ನ ಹೊರಗಿಟ್ಟು ನಿಮ್ಮನ್ನ ಇಟ್ಕೊಂಡಿದೀನಲ್ಲ. ನಾಳೆ ಬೆಳಿಗ್ಗೆ ಕರ್ಕೊಂಡು ಬನ್ನಿ, ನಿಮ್ಮ ಕುರ್ಚಿ ಅವರಿಗೇ ಕೊಡೋಣ.”

ಗುಮಾಸ್ತ ಬಾಯಿ ತೆರೆದ. ಮ್ಯಾನೇಜರ ಕಣ್ಣು ಮತ್ತೆ ಕಿರಿದಾಯಿತು.

“ಅವರು ಬರ್ಲಿಲ್ಲ ಅಂದ್ರೆ, ಕಾವಲುಗಾರ ಹೇಳೋ ಕಳ್ಳ ಅವರೇ, ನೀವೇ ಬಚ್ಚಿಟ್ಟಿದೀರಿ ಅಂತ ಪೊಲೀಸರಿಗೆ ಹೇಳ್ತೀನಿ.”