ಬಲೆ ಅಂಗಡಿಯ ಗಿರಿಜಕ್ಕ

ಒಪ್ಪಂದ ಸಾವಿರ ಪ್ರತಿಯದು. ಅಂಕೋಲೆಯ ಪ್ರಕಾಶಕರು ನಾನು ಬರೆದ ಮಕ್ಕಳ ಕಥೆಗಳನ್ನು ಅಚ್ಚು ಹಾಕಬೇಕು, ನನ್ನ ಹೆಸರನ್ನು ಮಾತ್ರ ಯಾರಿಗೂ ಹೇಳಬಾರದು. ಪುಸ್ತಕದ ಮೇಲೆ ‘ಗಿರಿಜಕ್ಕ’ ಎಂದು ಹಾಕಿಸಿದೆ. ಆಗ ಶುರುವಾದ ಫಜೀತಿಗಳು ಇನ್ನೂ ನಿಂತಿಲ್ಲ.

ಹೆಸರು ಯಾಕೆ ಬೇಡ

“ನಾಚಿಕೆಯಾ ಶೇಟ್ರೇ?” ಎಂದರು ಪ್ರಕಾಶಕರು.

“ನಾಚಿಕೆ ಅಲ್ಲ, ವ್ಯಾಪಾರ. ಬೈತಖೋಲ ಬಂದರಿನಲ್ಲಿ ಬಲೆ ಮಾರುವವ ನಾನು. ಬಲೆಗೆ ಬಿದ್ದ ಬಂಗಡೆ ಮೀನಿನ ಮರಿಗಾಗಿ ಏಡಿ ಅತ್ತ ಕಥೆ ನನ್ನದೇ ಅಂತ ಗೊತ್ತಾದ್ರೆ, ನಾಳೆಯಿಂದ ಗಿರಾಕಿಗಳೆಲ್ಲ ಬಂದು ನನ್ನೆದುರು ಅಳ್ತಾರೆ. ಆಮೇಲೆ ದರ ಹೇಳೋದು ಹೇಗೆ?”

“ನನಗೂ ಒಳ್ಳೇದೇ ಬಿಡಿ. ನಿಮ್ಮ ಮುಖ ನೋಡಿದ್ರೆ ಮಕ್ಕಳು ಹೆದರ್ತವೆ” ಎಂದರು.

ಏಡಿಯ ಕೆಲಸ

ಪುಸ್ತಕ ಬಂದ ವರ್ಷವೇ ದೋಣಿಯವನೊಬ್ಬ ಅಂಗಡಿಗೆ ಬಂದು ಕೂಗಾಡಿದ. “ಯಾರೋ ಗಿರಿಜಕ್ಕ ಅಂತೆ ಶೇಟ್ರೇ! ಅವಳ ಕಥೆಯಲ್ಲಿ ಏಡಿ ಬಲೆ ಕತ್ತರಿಸಿ ಮೀನು ಬಿಡಿಸ್ತದಂತೆ. ನನ್ನ ಮಗಳು ಅಂಗಳದಲ್ಲಿ ಒಣಹಾಕಿದ ಬಲೆಗೆ ಕತ್ತರಿ ಹಾಕಿದ್ಲು! ಆ ಹೆಂಗಸು ನನ್ನ ಕೈಗೆ ಸಿಗಲಿ!”

“ಸಿಕ್ಕರೆ ನಾನೂ ಎರಡು ಮಾತು ಹೇಳ್ತೇನೆ” ಎಂದೆ.

“ಹೊಸ ಬಲೆ ಬೇಕು. ಸ್ವಲ್ಪ ಕಮ್ಮಿ ಮಾಡಿ ಕೊಡಿ.”

“ಕಮ್ಮಿ ಮಾಡ್ಲಿಕ್ಕೆ ನಾನೇನು ಗಿರಿಜಕ್ಕನಾ?”

ಪೂರ್ತಿ ದರಕ್ಕೇ ಒಯ್ದ.

ಸನ್ಮಾನ

ನಮ್ಮೂರ ಶಾಲೆಯ ಮಾಸ್ತರೊಬ್ಬರು ವಂತಿಗೆ ಕೇಳಲು ಬಂದರು. “ನಮ್ಮ ಶಾಲೆಯಲ್ಲಿ ಗಿರಿಜಕ್ಕನಿಗೆ ಸನ್ಮಾನ. ಶಾಲು ನಿಮ್ಮದು. ಐನೂರಾಗ್ತದೆ.”

“ಕಾಗಕ್ಕ ಗುಬ್ಬಕ್ಕ ಬರೆಯೋ ಹೆಂಗಸಿಗೆ ಐನೂರರ ಶಾಲಾ?” ಎಂದು ಜಗ್ಗಾಡಿ ನೂರೈವತ್ತಕ್ಕೆ ಇಳಿಸಿದೆ. ಸುಮ್ಮನೆ ಕೊಟ್ಟಿದ್ದರೆ ಮಾಸ್ತರಿಗೆ ಅನುಮಾನ ಬರುತ್ತಿತ್ತು.

ಸನ್ಮಾನದ ದಿನ ಗಿರಿಜಕ್ಕನಿಗೆ ಜ್ವರ. ಪ್ರಕಾಶಕರೇ ಮಾಸ್ತರಿಗೆ ಮೊಬೈಲಿನಲ್ಲಿ ತಿಳಿಸಿದರು. ಶಾಲು ಕೊಟ್ಟವನೆಂದು ನಾನು ವೇದಿಕೆ ಮೇಲಿದ್ದೆ. “ಶೇಟ್ರೇ, ಅಂಕೋಲೆ ಪೇಟೆಗೆ ಹೋಗಿಬರೋರು ನೀವು. ಅಕ್ಕನ ಪರವಾಗಿ ನೀವೇ ತಕೊಂಡು ಪ್ರಕಾಶಕರಿಗೆ ಮುಟ್ಟಿಸಿಬಿಡಿ” ಎಂದು ಮಾಸ್ತರು ನನಗೇ ಹೊದೆಸಿದರು. ಶಾಲು ಎಷ್ಟು ತೆಳ್ಳಗಿತ್ತೆಂದರೆ, ಎದುರು ಕೂತ ಮಕ್ಕಳು ಅದರ ಮೇಲಿಂದಲೇ ನನ್ನ ಅಂಗಿಯ ಗುಂಡಿ ಎಣಿಸಬಹುದಿತ್ತು.

ಕೊನೆಗೆ ಮಾಸ್ತರು ವಂದಿಸಿದರು: “ಗಿರಿಜಕ್ಕನದು ಸಮುದ್ರದಂಥ ಮನಸ್ಸು. ನಮ್ಮ ಶೇಟ್ರು ಆ ಪುಸ್ತಕ ಒಂದು ಸಲ ಓದಿದ್ರೆ ಸಾಕಿತ್ತು!”

ಸಭೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವ ನಾನೇ.

ಹೋದದ್ದು ನೂರೈವತ್ತು. ಬಂದದ್ದು ಅದೇ ಶಾಲು, ಒಂದು ತೆಂಗಿನಕಾಯಿ, ಒಂದು ಡಜನ್ ಬಾಳೆಹಣ್ಣು, ಒಡೆಯದೆ ಉಳಿದ ಗುಟ್ಟು. ಅದರ ಮೇಲೆ, ಸಭೆ ಮುಗಿದ ಕೂಡಲೇ ಹೊಸ ಬಲೆಗೆ ದರ ಕೇಳಿದ ಅಪ್ಪಂದಿರು, ಮೂವರು.