ಏಡನ್ನಿನ ದಾರಿ, ಮಾಬ್ಲನ ಬಂಗಡೆ

ಮಾಬ್ಲನ ಅಂದಿನ ಕಷ್ಟಕ್ಕೆಲ್ಲ ಕಾರಣ ಅವನ ಹೆಂಡತಿಯ ತಮ್ಮ ಶನಿಯಾರ. ಆ ದಿನ ಬೆಳಿಗ್ಗೆ ಎಂಟಕ್ಕೆ ಅವನು ಮುಂಬಯಿಯಲ್ಲಿ ಏಡನ್ನಿನ ವಿಮಾನ ಹತ್ತುವವನಿದ್ದ. ಭಟ್ಕಳದ ಸಾಹೇಬರೊಬ್ಬರು ಏಡನ್ನಿನ ತಮ್ಮ ಮನೆಗೆ ಅವನನ್ನು ಅಡುಗೆಯವನಾಗಿ ಕರೆಸಿಕೊಂಡಿದ್ದರು. ಮಾಬ್ಲನ ಊರಾದ ಮುಟ್ಟಳ್ಳಿಯವರು ಅಲ್ಲಿಯವರೆಗೆ ತೆಂಗಿನಮರಕ್ಕಿಂತ ಮೇಲೆ ಹೋದದ್ದಿಲ್ಲ.

ಪ್ರಯಾಣಕ್ಕೆ ಹೊರಟವರ ಬೆನ್ನಿಗೇ ಮನೆಯ ಕಸ ಗುಡಿಸಬಾರದು ಎಂಬುದು ಎಲ್ಲರಿಗೂ ಗೊತ್ತು. ಮಾಬ್ಲನ ಹೆಂಡತಿ ಸಣ್ಣಮ್ಮ ಅದಕ್ಕೊಂದು ಬಾಲ ಜೋಡಿಸಿದಳು.

“ಗಾಳಿಮೇಲೆ ಇದ್ದಂವ ಮಣ್ಣು ಮೆಟ್ಟೂವರಿಗೆ ಒಲೆ ಹಚ್ಚೂಕಿಲ್ಲ. ಹೊಗೆ ಮೇಲೆ ಹೋಗಿ ಇಮಾನ ಬಿಡೂವನ ಕಣ್ಣಿಗೆ ಹೊಡದ್ರೆ?”

ಮಾಬ್ಲ ಅಂದೇ ಬುಟ್ಟಿ ತುಂಬ ಬಂಗಡೆ ತಂದಿದ್ದ. ಮಳೆಗಾಲ ಕಳೆದ ಮೇಲಿನ ಮೊದಲ ಬಂಗಡೆ. ಅವನು ಮೀನನ್ನು ನೋಡುತ್ತಿದ್ದ, ಬೆಕ್ಕು ಇಬ್ಬರನ್ನೂ ನೋಡುತ್ತಿತ್ತು. ಸಂಜೆಯೊಳಗೆ ಒಲೆ ಹತ್ತದಿದ್ದರೆ ಊಟ ಬೆಕ್ಕಿನದೇ.

“ಅಂವ ಯಾವಾಗ ಇಳೀತ?”

“ನಂಗೆಂತ ಗೊತ್ತು? ಕೇಳ್ಕ ಬನ್ನಿ.”

ಶಾಲೆಯ ರಮಾನಂದ ಮಾಸ್ತರರು ಭೂಗೋಳದ ಚೆಂಡಿನ ಮೇಲೆ ಮುಂಬಯಿಯಿಂದ ಏಡನ್ನಿಗೆ ದಾರ ಹಿಡಿದು ಅಳೆದರು. “ಸಾವಿರದ ಏಳುನೂರು ಮೈಲು. ಎಷ್ಟು ಹೊತ್ತು ಬೇಕು ಅಂತ ಪಾಠದಲ್ಲಿಲ್ಲ. ಕಂಡಕ್ಟರ್ ಜಟ್ಟನ್ನ ಕೇಳು.”

ದಾಸನ ಚಾ ಅಂಗಡಿಯಲ್ಲಿ ಜಟ್ಟ ಕೂತಿದ್ದ. ಮಾಬ್ಲ ಹೋದವನೇ ಅವಲಕ್ಕಿ ಕೇಳಿದ. ದಾಸ ಕೈ ಮುಗಿದ. “ನಿಮ್ಗೆ ತಿಂಬೂಕೆ ಎಂತದೂ ಕೊಡೂಕಿಲ್ಲ ಅಂತ ನಿಮ್ ಮನೆಯವ್ರು ಹೇಳ್ಕಳಿಸಾರೆ ಮಾಬ್ಲಣ್ಣ. ಇಮಾನ ಬಿದ್ರೆ ನನ್ ತಲಿಗೆ ಬತ್ತದೆ.” ಅವನ ಒಲೆ ಮಾತ್ರ ಧಗಧಗ ಉರಿಯುತ್ತಿತ್ತು.

ಜಟ್ಟ ಬೆರಳು ಮಡಚಿದ. “ಭಟ್ಕಳದಿಂದ ಕುಮಟೆಗೆ ಮೂವತ್ತಾರು ಮೈಲು, ನಾಲ್ಕು ತಾಸು. ಆ ಲೆಕ್ಕಕ್ಕೆ ಏಡನ್ನಿಗೆ ಎಂಟು ದಿನ ಆತು.”

ಮಾಬ್ಲ ಬೆಂಚಿನ ಮೇಲೆ ಕುಸಿದ. ಆದರೆ ಹಸಿದವನಿಗೆ ಬುದ್ಧಿ ಬೇಗ ಹೊಳೆಯುತ್ತದೆ. ಕುಮಟೆಯ ದಾರಿಯಲ್ಲಿ ಹೊನ್ನಾವರದ ಹೊಳೆಗೆ ಆಗಿನ್ನೂ ಸೇತುವೆಯಿರಲಿಲ್ಲ. ಬಸ್ಸಿನವರೆಲ್ಲ ದೋಣಿಗೆ ಕಾಯಬೇಕಿತ್ತು. ಅವನು ಅಲ್ಲಿಂದಲೇ ಚೌಕಾಸಿಗೆ ಇಳಿದ.

“ಆಕಾಶದಲ್ಲಿ ಹೊಳೆ ಎಲ್ಲದ್ಯೋ? ದೋಣಿ ಕಾಯೂದು ತೆಗಿ.”

“ತೆಗದೆ.”

“ಬಸ್ಸಿನ ತಲೆಮೇಲೆ ಕಾಯಿಚೀಲ ಏರ್ಸೂದು?”

“ಅದೂ ತೆಗದೆ.”

“ನೀ ಇಳದು ಚಾ ಕುಡಿಯೂದು?”

ಇಲ್ಲಿ ಜಟ್ಟ ಜಗ್ಗಲಿಲ್ಲ. ಎರಡು ಬೀಡಿ ಕೈಗೆ ಬಂದ ಮೇಲೆ ಅದನ್ನೂ ಬಿಟ್ಟುಕೊಟ್ಟ. ಹೀಗೆ ಜಗ್ಗಾಡಿ ಜಗ್ಗಾಡಿ ಎಂಟು ದಿನ ಅಂದಿನ ಮಧ್ಯಾಹ್ನ ಮೂರು ಗಂಟೆಗೆ ಬಂದು ನಿಂತಿತು.

“ಇಳದ! ಜಟ್ಟನೇ ಲೆಕ್ಕ ಹಾಕ್ದ!” ಎಂದು ಮಾಬ್ಲ ಓಡಿಬಂದ. ಸೀಟಿ ಊದಿ ಬಸ್ಸು ನಿಲ್ಲಿಸುವವನ ಮಾತೆಂದು ಸಣ್ಣಮ್ಮ ನಂಬಿ ಒಲೆ ಹಚ್ಚಿದಳು. ಬಂಗಡೆ ಚುಂಯ್ ಎಂದಿತು. ಮಾಬ್ಲ ಮೊದಲ ತುತ್ತಿಗೆ ಕೈ ಹಾಕುವಾಗ ಟ್ರಂಕು ಹೊತ್ತು ಶನಿಯಾರ ಒಳಗೆ ಬಂದ.

“ಭಾವ, ಕೆಳಗೆ ಬರೀ ಸಮುದ್ರವಂತೆ, ನಡುವೆ ಎಲ್ಲೂ ನಿಲ್ಸೂದಿಲ್ಲಂತೆ. ನಾ ಮೊನ್ನೆನೇ ರೈಲು ಹತ್ತಿ ವಾಪಸ್ ಹೊರಟೆ.”

“ನಾ ಒಲೆ ಹಚ್ಚದೆ ಇದ್ದದ್ದಕ್ಕೇ ನನ್ನ ತಮ್ಮ ಸುಖವಾಗಿ ಬಂದ!” ಎಂದು ಸಣ್ಣಮ್ಮ ಗಂಡನ ಬಟ್ಟಲನ್ನು ಎಳೆದು ತಮ್ಮನ ಮುಂದಿಟ್ಟಳು. ಶನಿಯಾರ ಬಾಣಲೆ ಬರಿದಾಗುವವರೆಗೆ ತಲೆ ಎತ್ತಲಿಲ್ಲ. ಮಾಬ್ಲನಿಗೆ ಅಳುವೇ ಬಂತು. ಹಾಳಾಗಿ ಹೋಗಲಿ, ನಾಳೆಯಿಂದಾದರೂ ಒಲೆಗೆ ಅಡ್ಡಿಯಿಲ್ಲ ಎಂದು ಸಮಾಧಾನ ಮಾಡಿಕೊಂಡ.

“ಸಾಹೇಬ್ರು ಬಿಡೂದಿಲ್ಲ ಅಕ್ಕಾ,” ಶನಿಯಾರ ಬೆರಳು ನೆಕ್ಕುತ್ತ ಹೇಳಿದ. “ಬರೂ ವಾರ ಹಡಗಿನಲ್ಲಿ ಕಳಸ್ತ್ರಂತೆ.”

ಸಣ್ಣಮ್ಮ ಗಂಡನ ಕಡೆ ತಿರುಗಿದಳು.

“ಹಡಗಿನಲ್ಲಿದ್ದಂವನೂ ಮಣ್ಣು ಮೆಟ್ಟಿದಂಗಲ್ಲ. ಅದು ಮುಟ್ಟೂಕೆ ಎಷ್ಟು ದಿನ ಬೇಕು, ಹೋಗಿ ಕೇಳ್ಕ ಬನ್ನಿ.”