ಇಡೀ ಮದುವೆಯನ್ನು ಒಂದೇ ಡಿಸ್ಕಿಗೆ ಹತ್ತಿಸಿದ್ದು

ಆಯ್ಕೆ ಕೊಡುವವರನ್ನು ಕಂಡರೆ ನನಗಾಗುವುದಿಲ್ಲ. ರೋಣದ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಕಂಟ್ರೋಲರ್ ಆಗಿದ್ದವನು ನಾನು. ನರಗುಂದದ ಬಸ್ಸು ಎಷ್ಟಕ್ಕೆ ಎಂದು ಯಾರಾದರೂ ಕೇಳಿದರೆ ಒಂದೇ ಉತ್ತರ ಕೊಡುತ್ತಿದ್ದೆ. ನಿಮಗೆ ಎಷ್ಟಕ್ಕೆ ಬೇಕು ಎಂದು ತಿರುಗಿ ಕೇಳಿದ್ದರೆ ನಿಲ್ದಾಣ ನಡೆಯುತ್ತಿತ್ತೇ? ನಿವೃತ್ತನಾದ ಮೇಲೂ ಐದಕ್ಕೆ ಏಳುತ್ತೇನೆ, ಆರಕ್ಕೆ ಚಹಾ ಕುಡಿಯುತ್ತೇನೆ. ಚಹಾ ತಡವಾದ ದಿನ ನನ್ನ ಹೆಂಡತಿ, "ಇವತ್ತ ಗಾಡಿ ಐದ ಮಿನಿಟ ಲೇಟ್ ಐತ್ರಿ, ಪ್ರಯಾಣಿಕರು ಸಿಟ್ಟಿಗೇಳಬಾರ್ದು" ಎಂದು ತಾನೇ ಘೋಷಿಸಿ ಕಪ್ಪು ಇಡುತ್ತಾಳೆ. ಇಂಥ ನನ್ನನ್ನು ಗಜೇಂದ್ರಗಡದ ಖಾಜಾಸಾಬರು ತಮ್ಮ ವಿಡಿಯೋ ಅಂಗಡಿಯ ಕಂಪ್ಯೂಟರಿನ ಮುಂದೆ ಕೂಡಿಸಿ, ತಾವೇ ವಿಡಿಯೋ ತೆಗೆದಿದ್ದ ನನ್ನ ಮಗಳ ಮದುವೆಯ ಸಿ.ಡಿ. ಹೇಗೆ ಬೇಕೆಂದು ಹದಿನಾಲ್ಕು ಆಯ್ಕೆ ತೋರಿಸಿದರು.

ಸಿ.ಡಿ.ಯ ಅವಸರಕ್ಕೆ ಕಾರಣ ಸೂಡಿಯಲ್ಲಿರುವ ನನ್ನ ತಂಗಿ ಗಂಗವ್ವ. ಮದುವೆಗೆ ವಾರವಿರುವಾಗ ಅಂಗಳದಲ್ಲಿ ಜಾರಿ ಕಾಲು ಮುರಿದುಕೊಂಡಳು. ಮದುವೆ ನರಗುಂದದಲ್ಲಿ, ಅವಳು ಪ್ಲಾಸ್ಟರಿನಲ್ಲಿ. ಆಯೇರಿಯ ಹೊತ್ತಿಗೆ, ಅಂದರೆ ಬಂಧುಬಳಗದವರು ಬಟ್ಟೆಬರೆ ಉಡುಗೊರೆ ಕೊಡುವ ಹೊತ್ತಿಗೆ, ಮದುಮಗಳು ಸೋದರತ್ತೆ ಕೊಟ್ಟ ಸೀರೆಯನ್ನು ಉಡಬೇಕೆಂಬುದು ನಮ್ಮ ಮನೆತನದ ರೂಢಿ. ಗಂಗವ್ವ ಗಿಳಿ ಹಸಿರು ಒಡಲು, ಕೆಂಪು ಸೆರಗಿನ ಇಳಕಲ್ ಸೀರೆಯನ್ನು ನನ್ನ ಕೈಯಲ್ಲೇ ಕಳಿಸಿದ್ದಳು. ಮಗಳು ಅದನ್ನೇ ಉಟ್ಟಳು. ಆದರೆ ಮದುವೆಗೆ ಬಂದಿದ್ದ ಬೆಳವಣಕಿಯ ಒಬ್ಬ ಹೆಣ್ಣುಮಗಳು ಗಂಗವ್ವನ ಮನೆಗೆ ಹೋಗಿ, "ಹಸರು ಸೀರಿ ನಾ ಏನ್ ನೋಡ್ಲಿಲ್ಲವ್ವಾ" ಎಂದು ಹೇಳಿ, ಚಹಾ ಕುಡಿದು ಎದ್ದುಹೋಗಿದ್ದಳು. ನಾನು ಫೋಟೋ ತೋರಿಸಿದೆ. "ಫೋಟೋ ಯಾವಾಗ ಬೇಕಾದ್ರೂ ಉಡಿಸಿ ತಗೀಬಹುದು. ಆಯೇರಿ ನಡದಾಗ ಉಟ್ಟಿದ್ದು ನಾ ಕಣ್ಣಾರೆ ನೋಡಬೇಕು. ಇಲ್ಲಂದ್ರ ಈ ಪಂಚಮಿಗೆ ನಿನ್ನ ಮನಿ ಉಂಡಿ ನನಗ ಬ್ಯಾಡ" ಎಂದಳು. ಮದುವೆಯಾದಾಗಿನಿಂದ ಒಂದು ನಾಗರ ಪಂಚಮಿಯನ್ನೂ ತಪ್ಪಿಸದೆ, ಹಬ್ಬದ ಉಂಡೆ ತಿನ್ನಲು ತವರಿಗೆ ಬಂದವಳು ಅವಳು. ಆ ಮಾತು ನನಗೆ ನಾಟಿತು.

ಖಾಜಾಸಾಬರ ಪರದೆಯ ಮೇಲೆ ವಿಸಿಡಿ, ಡಿವಿಡಿ, ಅದರ ಕೆಳಗೆ ಪಾಲ್, ಎನ್‌ಟಿಎಸ್‌ಸಿ, ಅದರ ಕೆಳಗೆ ಇನ್ನೇನೇನೋ ಇದ್ದವು.

"ಇವು ಯಾವ್ಯಾವ ಊರಿಗೆ ಹೋಗ್ತಾವ?" ಎಂದೆ.

"ಪಾಲ್ ಅಂದ್ರ ನಮ್ಮ ದೇಶದ ಟಿವಿಗ್ರಿ. ಇನ್ನೊಂದು ಅಮೆರಿಕಾಕ್ಕ."

"ನಮ್ಮದು ಸೂಡಿಗೆ ಅಷ್ಟ. ಮುಂದ?"

"ಎರಡೂವರಿ ತಾಸಿನ ಮದುವಿ ಐತ್ರಿ ಸಾಹೇಬ್ರ. ವಿಸಿಡಿ ಅಂದ್ರ ಮೂರು ಡಿಸ್ಕ್ ಆಗ್ತಾವು."

ಇಲ್ಲಿ ನನ್ನ ಶಿಸ್ತು ಎದ್ದು ಕುಳಿತಿತು. ಮೂರು ಡಿಸ್ಕೆಂದರೆ ಅದಲುಬದಲಾಗುತ್ತವೆ. ಮೊದಲು ಮೂರನೆಯದನ್ನು ಹಾಕಿದರೆ ಅಕ್ಷತೆಗೆ ಮುಂಚೆಯೇ ಮಗಳು ಅತ್ತುಕೊಂಡು ಗಂಡನ ಮನೆಗೆ ಹೋಗುತ್ತಾಳೆ. ಒಂದು ಮದುವೆ, ಒಂದು ಡಿಸ್ಕು ಎಂದು ಅಪ್ಪಣೆ ಮಾಡಿದೆ. "ಹಿಡಿಸ್ಬಹುದ್ರಿ, ಆದ್ರ ಕ್ವಾಲಿಟಿ ಭಾಳ ಇಳಿಸ್ಬೇಕು. ಮಾರಿ-ಮುಖಾ ಒಡೀತಾವ" ಎಂದರು. ಬೆಳವಣಕಿಯ ಕಡೇ ಬಸ್ಸಿಗೆ ನಾನು ಎಷ್ಟು ಜನರನ್ನು ಹತ್ತಿಸಿದವನೆಂದು ಅವರಿಗೇನು ಗೊತ್ತು? ಒಮ್ಮೆ ಹೀಗೆ ಒತ್ತಿ ಒತ್ತಿ ಹತ್ತಿಸಿದಾಗ ಅಸೂಟಿಯವನೊಬ್ಬ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಇಳಿದಿದ್ದ. ಆದರೂ ಊರು ತಲುಪಿದ್ದು ಸುಳ್ಳಲ್ಲ. "ಸರಿಸಿ ಕೂಡಿಸಿದ್ರ ಎಲ್ಲಾರೂ ಹಿಡಿತಾರ, ಒತ್ರಿ ಗುಂಡಿ" ಎಂದೆ. ಒತ್ತಿದರು.

ಸೂಡಿಯಲ್ಲಿ ಓಣಿಯ ಹೆಂಗಸರೆಲ್ಲ ಗಂಗವ್ವನ ಟಿವಿಯ ಮುಂದೆ ಕೂತಿದ್ದರು. ಡಿಸ್ಕು ತಿರುಗಿತು. ಬೀಗರೆಲ್ಲ ಸಣ್ಣ ಸಣ್ಣ ಚೌಕಗಳಾಗಿ ಬಂದರು. ಯಾರಾದರೂ ಕೈ ಎತ್ತಿದರೆ ಕೈ ಒಂದು ಕಡೆ, ಅದರ ಚೌಕಗಳು ಒಂದು ಕಡೆ. "ಇಂವಾ ಅಳಿಯಾನೋ, ಬ್ಯಾಂಡಿನಾಂವನೋ?" ಎಂದು ಒಬ್ಬಾಕೆ ಕೇಳಿದಳು. ಆಯೇರಿ ಬಂದಾಗ ಮಗಳಿರಬೇಕಾದ ಜಾಗದಲ್ಲಿ ಒಂದು ದೊಡ್ಡ ಬಿಳಿ ಮುದ್ದೆ ಅಲುಗಾಡುತ್ತಿತ್ತು. ಗಂಗವ್ವ ಕೋಲು ಎತ್ತಿ ಅದನ್ನೇ ತೋರಿಸಿ, "ಇದು ಹಸರೇನಣ್ಣಾ?" ಎಂದಳು. ಕ್ವಾಲಿಟಿ ಇಳಿದಿದೆ, ಬಣ್ಣ ಬಿಟ್ಟಿದೆ ಎಂದು ಸಮಜಾಯಿಷಿ ಹೇಳಿದೆ. "ನನ್ನ ಸೀರಿ ಬಣ್ಣ ಬಿಡೂದಲ್ಲ" ಎಂದು ಟಿವಿ ಆರಿಸಿದಳು.

ಎರಡನೆಯ ಸಲ ಸಿಟ್ಟಿನಿಂದ ಹೋದೆ. ಪರದೆಯ ಮೇಲೆ ಎಲ್ಲೆಲ್ಲಿ "ಹೈ" ಎಂದಿತ್ತೋ ಅಲ್ಲೆಲ್ಲ ಒತ್ತಿಸಿದೆ. "ಅವರ ಮನ್ಯಾಗಿಂದು ಯಾವ ಪ್ಲೇಯರ್‍ರಿ?" ಎಂದು ಖಾಜಾಸಾಬರು ಕೇಳಿದರು. "ಚಲೋ ಐತಿ, ಕರೇದು" ಎಂದೆ. ಡಿವಿಡಿ ಆಯಿತು. ಗಂಗವ್ವನ ಕರಿಯ ವಿಸಿಡಿ ಪ್ಲೇಯರು ಅದನ್ನು ನುಂಗಿ, ಗುರುಗುಟ್ಟಿ, ಒಳಗೆ ಡಿಸ್ಕೇ ಇಲ್ಲವೆಂದು ಬರೆದು ತೋರಿಸಿತು. ಓಣಿಯ ಹೆಂಗಸರು ನನ್ನನ್ನು ನೋಡಿದರು. ಪಂಚಮಿಗೆ ಇನ್ನು ಎಂಟು ದಿನ ಉಳಿದಿತ್ತು.

ಮೂರನೆಯ ಸಲ ಬಾಯಿ ಮುಚ್ಚಿಕೊಂಡು ಕೂತೆ. ಖಾಜಾಸಾಬರು ತಮಗೆ ತಿಳಿದಂತೆ ಮೂರು ವಿಸಿಡಿ ಮಾಡಿ, ಮೇಲೆ ಒಂದು, ಎರಡು, ಮೂರು ಎಂದು ಬರೆದುಕೊಟ್ಟರು. ಸೂಡಿಯಲ್ಲಿ ಎರಡನೆಯದನ್ನು ಹಾಕಿದೆ. ಮುಖಗಳು ಮುಖಗಳ ಹಾಗೆಯೇ ಬಂದವು. ಆಯೇರಿಯೂ ಬಂತು. ಬಿಳಿ ಮುದ್ದೆ ಮಾತ್ರ ಅಲ್ಲೇ ಇತ್ತು. ಈಗ ಅದಕ್ಕೆ ತಲೆ, ಕನ್ನಡಕ, ಕೈಗಡಿಯಾರ ಎಲ್ಲವೂ ಮೂಡಿದ್ದವು. ಅದು ಬಿಳಿ ಅಂಗಿ ತೊಟ್ಟ ನಾನು. ಆಯೇರಿ ಕೊಡುವವರನ್ನು ಸಾಲಾಗಿ ನಿಲ್ಲಿಸುತ್ತ, ಮದುಮಗಳ ಮುಂದೆ ಗೋಡೆಯಂತೆ ನಿಂತಿದ್ದೆ. ಬೆಳವಣಕಿಯ ಹೆಣ್ಣುಮಗಳಿಗೆ ಹಸಿರು ಕಾಣದಿದ್ದುದು ಸುಳ್ಳಾಗಿರಲಿಲ್ಲ. ಕಡೆಗೊಮ್ಮೆ ಮಗಳು ಯಾರದೋ ಕಾಲಿಗೆ ಬಗ್ಗಿದಾಗ ನನ್ನ ಮೊಣಕೈ ಕೆಳಗೆ ಗಿಳಿ ಹಸಿರು, ಕೆಂಪು ಸೆರಗು ಇಣುಕಿ ಹೋಯಿತು.

ಗಂಗವ್ವ ಅಷ್ಟನ್ನೇ ಮೂರು ಸಲ ಹಿಂದೆ ತಿರುಗಿಸಿ ನೋಡಿದಳು. "ಹೌದು, ನಂದ. ಪಂಚಮಿಗೆ ಬರ್ತೀನಿ. ಆದ್ರ ಅಣ್ಣಾ, ನಿನ್ನ ತಗದು ಬರೇ ಸೀರಿ ಇಡೂವಂಥ ಸೆಟ್ಟಿಂಗ್ ಐತೇನು, ಆ ಸಾಬ್ರನ್ನ ಕೇಳು" ಎಂದಳು.

ತಂಗಿಯ ಮಾತೆಂದು ಕೇಳಿಯೂ ಕೇಳಿದೆ. ಖಾಜಾಸಾಬರು ತಲೆ ಕೆರೆದುಕೊಂಡರು. "ಇಷ್ಟರಾಗ ಅದೊಂದು ಇಲ್ಲರಿ ಸಾಹೇಬ್ರ. ಅವತ್ತ ನಾ ಮೂರ ಸಲ ಹೇಳೀನಿ, ಸ್ವಲ್ಪ ಬಾಜೂಕ ಸರೀರಿ ಅಂತ. ಅದೂ ಅದರಾಗ ಐತಿ. ಸೌಂಡ್ ಜಾಸ್ತಿ ಇಟ್ಟು ಕೇಳ್ರಿ."

ಮನೆಗೆ ಬಂದು ಕೇಳಿದೆ. ಅವರು ಹೇಳಿದ್ದು ಮೂರು ಸಲವಲ್ಲ, ಐದು ಸಲ. ಐದೂ ಸಲ ನಾನು ಅಲ್ಲೇ ನಿಂತು, ನನ್ನ ಹಿಂದಿದ್ದವರ ಕಡೆ ತಿರುಗಿ, "ಕೇಳಿಸ್ತಿಲ್ರಿ? ಬಾಜೂಕ ಸರೀರಿ, ವಿಡಿಯೋದವರಿಗೆ ಅಡ್ಡ ನಿಲ್ಲಬ್ಯಾಡ್ರಿ" ಎಂದು ಆ ಅಪ್ಪಣೆಯನ್ನು ಜೋರಾಗಿ ದಾಟಿಸಿದ್ದೇನೆ.